ಎಂಜಿನ್ನಿಗೆ ಟೋಪಿ ಹಾಕಿದವರು ಯಾರು?

ಕಟ್ಟೆ ನಮ್ಮತ್ತ ಓಡಿ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಓಡುತ್ತಿದ್ದದ್ದು ದೋಣಿ. ಆದರೆ ಸ್ಟಿಯರಿಂಗ್ ಹಿಡಿದು ನಿಂತವನಿಗೆ ಹಾಗನ್ನಿಸುವುದಿಲ್ಲ. ಸ್ಪೀಡ್ ಇಳಿಸಿದೆ. ಎಂಜಿನ್ ಕೆಮ್ಮಿತು, ನಡುಗಿತು, ಕಪ್ಪು ಹೊಗೆ ಉಗುಳಿ ಸತ್ತೇ ಹೋಯಿತು. ಎಂಜಿನ್ ಇಲ್ಲದಿದ್ದರೆ ರಿವರ್ಸ್ ಇಲ್ಲ. ರಿವರ್ಸ್ ಇಲ್ಲದಿದ್ದರೆ ದೋಣಿಗೆ ಬ್ರೇಕೇ ಇಲ್ಲ.

ಮುಂದೆ ಕುಳಿತಿದ್ದ ಸಾಹೇಬರು ಕೊಡೆಯನ್ನು ಎದೆಗವಚಿಕೊಂಡರು. ದೋಣಿಗಳನ್ನು ಪರೀಕ್ಷಿಸಿ ಪರ್ಮಿಟ್ ಕೊಡುವ ಇನ್‌ಸ್ಪೆಕ್ಟರ್ ಅವರು.

ಅವರನ್ನು ದಾಟಿಕೊಂಡು ಹಾರಿದೆ. ಕಟ್ಟೆಗೆ ನೇತುಹಾಕಿದ್ದ ಹಳೇ ಟೈರಿಗೆ ಕಾಲು ಕೊಟ್ಟೆ. ಮೊಣಕಾಲು ಕಟಕ್ಕೆಂದಿತು. ದೋಣಿ ನಿಂತಿತು... ಟೈರಿಗೆ ಮೂತಿ ಉಜ್ಜಿಕೊಂಡು.

"ಟೀ ಕುಡಿದು ಬರ್ತೀನಿ," ಎಂದರು ಸಾಹೇಬರು. "ಅಷ್ಟರಲ್ಲಿ ಇದು ನ್ಯೂಟ್ರಲ್‌ನಲ್ಲಿ ಆಫ್ ಆಗದೆ ಓಡ್ತಾ ಇರಬೇಕು. ಇಲ್ಲಾಂದ್ರೆ ಗುಜರಿಗೆ ಹಾಕಿ."

ಗುಜರಿ! ಅದು ನಮ್ಮಕ್ಕನ ದೋಣಿ. ಜನರನ್ನು ಆಚೆ ದಡಕ್ಕೆ ದಾಟಿಸುವುದೇ ಅವಳ ಬದುಕು. ಎಂಜಿನ್ನಿಗೆ ನನಗಿಂತ ವಯಸ್ಸು ಹೆಚ್ಚು. ಅಕ್ಕನಿಗೆ ಅದರ ಮೇಲೆ ನನಗಿಂತ ಪ್ರೀತಿಯೂ ಹೆಚ್ಚು.

ನನ್ನ ಕಸುಬು ಗೊತ್ತಲ್ಲ? ಕೆಟ್ಟದ್ದನ್ನು ಸರಿಮಾಡುವುದು. ಮೋಟಾರು, ಬೀಗ, ಜಗಳ... ಯಾವುದಾದರೂ ಸರಿ. ಎಂತೆಂಥ ಸುಳ್ಳರ ಬಾಯಿ ಬಿಡಿಸಿದ್ದೇನೆ.

"ಹೋದ ವಾರ ಚೆನ್ನಾಗಿತ್ತು ಅಂತೀಯ. ಅಂದ್ಮೇಲೆ ಯಾರೋ ನಮಗೆ ಟೋಪಿ ಹಾಕಿದಾರೆ ಅಕ್ಕಾ," ಎಂದೆ.

ಕಟ್ಟೆಯ ಮೇಲೆ ಕಾಯುತ್ತಿದ್ದ ಅಕ್ಕ ಪಕ್ಕದಲ್ಲಿದ್ದ ಭಾವನ ಕಡೆ ನೋಡಿದಳು. ಭಾವ ಆಕಾಶದ ಕಡೆ ನೋಡಿದರು. ದೋಣಿ ಮಾರಿಬಿಡೋಣ ಎಂದು ಬಹಳ ದಿನದಿಂದ ರಾಗ ಎಳೆಯುತ್ತಿದ್ದ ಮನುಷ್ಯ. ನನ್ನ ಅನುಮಾನ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು.

ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಪೆಟ್ರೋಲ್ ಹಬೆ ಪೂರ್ತಿ ಹೋಗಲೆಂದು ಫ್ಯಾನ್ ಹಾಕಿ ಕಾದೆ. ಅವಸರಪಟ್ಟು ಆಕಾಶಕ್ಕೆ ಹಾರಿದವರ ಕತೆ ನನಗೆ ಗೊತ್ತು. ಆಮೇಲೆ ಸ್ಟಾರ್ಟ್ ಮಾಡಿ, ಆಫ್ ಆಗದಂತೆ ಥ್ರಾಟಲ್ ಹಿಡಿದುಕೊಳ್ಳಲು ಭಾವನಿಗೆ ಹೇಳಿದೆ. ಕಣ್ಣೆದುರಿಗೇ ಇರಲಿ ಎಂದು.

ನಾಲ್ಕು ಸಿಲಿಂಡರ್. ನಾಲ್ವರು ಆರೋಪಿಗಳು. ದಪ್ಪ ರಬ್ಬರ್ ಗ್ಲೌಸ್ ತೊಟ್ಟು ಒಂದೊಂದೇ ಪ್ಲಗ್ಗಿನ ವೈರ್ ಕಿತ್ತು ನೋಡಿದೆ. ದುಡಿಯುವವನ ವೈರ್ ಕಿತ್ತರೆ ಎಂಜಿನ್ ಕುಗ್ಗುತ್ತದೆ. ಕಿತ್ತರೂ ಏನೂ ಆಗದಿದ್ದರೆ ಅವನೇ ಮೈಗಳ್ಳ.

ಮೊದಲನೆಯವನು... ಕುಗ್ಗಿತು. ಎರಡನೆಯವನು... ಕುಗ್ಗಿತು. ಉಳಿದಿಬ್ಬರದ್ದೂ ಅದೇ ಕತೆ. ಒಬ್ಬನೂ ಮೈಗಳ್ಳನಲ್ಲ!

ಆಫ್ ಮಾಡಿ ಪ್ಲಗ್ ಬಿಚ್ಚಿದೆ. ನಾಲ್ಕರ ಮೂತಿಗೂ ಒಂದೇ ಸಮ ಮಸಿ. ಅಂದರೆ ಕಳ್ಳ ಇವರೊಳಗಿಲ್ಲ. ಇವರೆಲ್ಲರಿಗೂ ಪೆಟ್ರೋಲು, ಗಾಳಿ ಬೆರೆಸಿ ಬಡಿಸುವ ಕಾರ್ಬ್ಯುರೇಟರಿನಲ್ಲಿದ್ದಾನೆ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಓಡುವಾಗ ಹೇಗೋ ನಡೆಯುತ್ತದೆ. ನಿಧಾನಕ್ಕೆ ಬಂದರೆ ಉಸಿರು ಕಟ್ಟುತ್ತದೆ.

"ಭಾವಾ, ಗಾಳಿ ಹೋಗೋ ಕಡೆ ಏನು ತುರುಕಿದ್ರಿ?"

"ನಾನು ಆ ಪೆಟ್ಟಿಗೆ ಮುಟ್ಟೋಕೆ ನಿಮ್ಮಕ್ಕ ಬಿಟ್ರೆ ತಾನೇ?"

ಕಾರ್ಬ್ಯುರೇಟರಿನ ನೆತ್ತಿಯ ಮೇಲೆ ಕರ್ರಗೆ, ಗುಂಡಗೆ ಒಂದು ಫಿಲ್ಟರ್ ಕೂತಿತ್ತು. ಆಗಲೇ ನೋಡಿದ್ದೆ. ಕಂಪನಿಯವರೇ ಕೊಟ್ಟದ್ದೆಂದು ಸುಮ್ಮನಿದ್ದೆ. ಈಗ ಹಿಡಿದೆಳೆದೆ. ಮೆತ್ತಗಿತ್ತು. ಒಳಗೆ ನೀಲಿ. ಉಣ್ಣೆ. ತುದಿಯಲ್ಲಿ ಒಂದು ಕುಚ್ಚು ಬೇರೆ...

ಟೋಪಿ.

ಅಕ್ಕನ ಮುಖ ಅರಳಿತು. "ಅದರ ಜಾಲರಿಯೊಳಗೆ ಧೂಳು ಹೋಗ್ತಿತ್ತು ಕಣೋ. ಅಳತೆ ತಗೊಂಡು ಹೆಣೆದೆ. ಸರಿಯಾಗಿ ಕೂತಿದೆ ಅಲ್ವಾ?"

ಟೋಪಿಯನ್ನು ಬದಿಗಿಟ್ಟು, ಪ್ಲಗ್ ಒರೆಸಿ ಹಾಕಿ, ಸ್ಟಾರ್ಟ್ ಮಾಡಿದೆ. ಮತ್ತೆ ಕೆಮ್ಮು. ಮತ್ತೆ ಸಾವು. ಅಂಗಡಿಯ ಮುಂದೆ ಸಾಹೇಬರು ಲೋಟ ಕೆಳಗಿಟ್ಟು ಎದ್ದರು.

ಹೆದರಿಕೆಯಾಯಿತು, ಮುಚ್ಚುಮರೆ ಯಾಕೆ? ಅಕ್ಕ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಯಾರೋ ಈಗಲೇ ಎಳೆದುಕೊಂಡು ಹೋಗುತ್ತಾರೇನೋ ಎಂಬಂತೆ.

ಜಾಲರಿ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ಕಾರ್ಬ್ಯುರೇಟರಿನ ಗಂಟಲಲ್ಲಿ ಸೂಜಿಯ ತುದಿಯಷ್ಟು ಚಿಕ್ಕ ತೂತು. ಎಂಜಿನ್ ನಿಧಾನಕ್ಕಿರುವಾಗ ಪೆಟ್ರೋಲಿಗೆ ಗಾಳಿ ಬೆರೆಯುವುದು ಅಲ್ಲಿಂದಲೇ. ಅದರ ಬಾಯಿಗೆ ಅಡ್ಡಲಾಗಿ ನೀಲಿ ಉಣ್ಣೆಯ ಒಂದು ಎಳೆ... ಚಿಮಟದಲ್ಲಿ ಹಿಡಿದೆಳೆದೆ. ಫೂ ಎಂದು ಊದಿದೆ. ಎಲ್ಲ ಮುಚ್ಚಿ ಮತ್ತೆ ಸ್ಟಾರ್ಟ್ ಮಾಡಿದೆ.

ಎಂಜಿನ್ ಗಂಟಲು ಸರಿಮಾಡಿಕೊಂಡು ಗುಡುಗುಡು ಎನ್ನತೊಡಗಿತು. ಸಾಹೇಬರು ಪೆಟ್ಟಿಗೆಗೆ ಕೊಡೆ ಒರಗಿಸಿ ಕಾದರು. ಕೊಡೆ ಬೀಳಲಿಲ್ಲ. ಎಂಜಿನ್ ನಿಲ್ಲಲಿಲ್ಲ. ಪರ್ಮಿಟ್ಟಿಗೆ ಠಸ್ಸೆ ಒತ್ತುತ್ತ ಏನಾಗಿತ್ತು ಎಂದು ಕೇಳಿದರು.

ಅಕ್ಕನ ಮುಖ ನೋಡಿದೆ.

"ಧೂಳು ಸಾರ್," ಎಂದೆ.

ಭಾವ ಜೋರಾಗಿ ಕೆಮ್ಮಿದರು. ಆಮೇಲೆ ಅವರ ಕ್ಷಮೆ ಕೇಳಿದೆ. ಅವರು ನಕ್ಕುಬಿಟ್ಟರು.

ಅಕ್ಕನಿಗೆ ಮಾತ್ರ ಟೋಪಿ ಬಿಸಾಡಲು ಮನಸ್ಸು ಬರಲಿಲ್ಲ. ಒಗೆದು ಒಣಗಿಸಿದಳು. ನನ್ನನ್ನು ಕೂರಿಸಿ, ತಲೆಗೆ ದಾರ ಸುತ್ತಿ ನೋಡಿ, ಎರಡು ಸಾಲು ಹೆಚ್ಚಿಗೆ ಹೆಣೆದಳು. ಈಗಲೂ ಪೆಟ್ರೋಲ್ ವಾಸನೆ ಬರುತ್ತದೆ, ಬೇಕಿದ್ದರೆ ಮೂಸಿ ನೋಡಿ.

ಈ ಕಸುಬಿನಲ್ಲಿ ನನಗೆ ಟೋಪಿ ಹಾಕಿದವರು ಬಹಳ ಮಂದಿ. ಅಳತೆ ತೆಗೆದು ಹಾಕಿದವಳು ಅಕ್ಕ ಒಬ್ಬಳೇ.