ಅರೋವಾನದ ಎಡಗಣ್ಣು

"ಹಿಡೀರಿ! ಅಯ್ಯೋ, ಹಿಡೀರಿ ಅದನ್ನ!"

ಅವಳು ಕೂಗುವಷ್ಟರಲ್ಲಿ ಆಗಬಾರದ್ದು ಆಗಿಯೇ ಹೋಗಿತ್ತು. ಅರೆ ತೆರೆದ ಮುಚ್ಚಳದ ಸಂದಿಯಿಂದ ಮೊಳದುದ್ದದ ಅರೋವಾನ ಮೀನು ಚಂಗನೆ ಹಾರಿ, ಪಕ್ಕದಲ್ಲಿ ಹೋಗುತ್ತಿದ್ದವನ ಎದೆಗೆ ಬಡಿಯಿತು. ಅವನ ಕೈಲಿದ್ದ ಟ್ರೇ ಬಿತ್ತು. ಕ್ಲಿನಿಕ್ಕಿನ ನೆಲದ ತುಂಬ ಹಲ್ಲುಗಳು!

ಆತ ಬೆದರಲಿಲ್ಲ. ಒದ್ದಾಡುತ್ತಿದ್ದ ಮೀನನ್ನು ತನ್ನ ಏಪ್ರನ್ನಿನಲ್ಲಿ ಬಾಚಿ ಹಿಡಿದು ಮೆಲ್ಲಗೆ ನೀರಿಗೆ ಬಿಟ್ಟ. ಅವಳು ಥಟ್ಟನೆ ಮುಚ್ಚಳ ಹಾಕಿದಳು.

ಅವಳು ಅಂಗಡಿ, ಆಫೀಸುಗಳ ಮೀನಿನ ಟ್ಯಾಂಕ್ ತೊಳೆಯುವವಳು. ಅವನು ಆ ಕ್ಲಿನಿಕ್ಕಿನ ದಂತವೈದ್ಯೆಯ ಬಳಿ ಕಟ್ಟುಹಲ್ಲು ತಯಾರಿಸುವವನು. ಮೊದಲ ಸಲ ಮುಖ ನೋಡಿದ್ದೇ ಹೀಗೆ, ಇಬ್ಬರೂ ಮಂಡಿಯೂರಿ ಹಲ್ಲು ಹೆಕ್ಕುತ್ತ.

"ಡಾಕ್ಟರಮ್ಮಂಗೆ ಹೇಳ್ತೀರಾ?" ಅವಳ ದನಿ ಬಾಯೊಳಗೇ ಉಳಿದಿತ್ತು.

"ಏನನ್ನ? ನಾನೇನೂ ನೋಡೇ ಇಲ್ಲ. ಶರ್ಟ್ ಮಾತ್ರ ಯಾಕೋ ಮೀನು ವಾಸನೆ ಹೊಡೀತಿದೆ."

ಅವಳು ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ಪಾಪ!

ಅದಾಗಿ ಎರಡು ವರ್ಷ. ಪ್ರತಿ ಗುರುವಾರ ಮಧ್ಯಾಹ್ನ ಬಕೆಟ್ಟು, ಪೈಪು ಹೊತ್ತುಕೊಂಡು ಅವಳು ಬರುವಳು. ಅಷ್ಟರೊಳಗೆ ಬೇರೆ ಕಡೆ ಮೂರು ಟ್ಯಾಂಕ್ ಮುಗಿದಿರುತ್ತವೆ, ಇನ್ನೂ ನಾಲ್ಕು ಕಾದಿರುತ್ತವೆ. ಸೊಂಟ ಬಿದ್ದುಹೋಗಿರುತ್ತದೆ. ಮನೆಯಲ್ಲಿ ಅಕ್ಕ, ಭಾವ, ಮಕ್ಕಳು ಎಲ್ಲರೂ ಇದ್ದಾರೆ, ಆದರೆ 'ಉಂಡೆಯಾ?' ಎಂದು ಕೇಳುವವರು ಯಾರೂ ಇಲ್ಲ. ಕಿಟಕಿಯ ಬಳಿಯಿಂದ ಟ್ಯಾಂಕಿನ ಪಕ್ಕಕ್ಕೆ ಬಂದಿದ್ದ ಮೋಟು ಮೇಜಿನ ಮುಂದೆ ಕೂತು ಕಟ್ಟುಹಲ್ಲು ನಯ ಮಾಡುತ್ತಿದ್ದ ಇವನು ಮಾತ್ರ ತಲೆ ಎತ್ತಿ ಕೇಳುತ್ತಿದ್ದ.

"ಊಟ ಆಯ್ತಾ ಮೇಡಂ?"

"ಬಕೆಟ್ ಹೊರೋಳು ಎಂಥಾ ಮೇಡಂ ರೀ?"

ಇಷ್ಟೇ ಮಾತು. ಈ ಇಷ್ಟಕ್ಕಾಗಿ ಅವಳು ಬುಧವಾರ ತಲೆಗೆ ಸ್ನಾನ ಮಾಡುತ್ತಿದ್ದಳು!

ಹಾಗಿರುವಾಗ ಮೀನಿನ ಎಡಗಣ್ಣು ಜೋತುಬಿತ್ತು. ಗುಡ್ಡೆ ಕೆಳಕ್ಕೆ ವಾಲಿ, ಯಾವಾಗಲೂ ನೆಲವನ್ನೇ ನೋಡುತ್ತಿತ್ತು.

"ಬಂದವರೆಲ್ಲ ಮೀನು ಅಳ್ತಿದೆ ಅಂತಾರೆ," ಡಾಕ್ಟರಮ್ಮ ಸಿಡುಕಿದರು. "ಈ ತಿಂಗಳಲ್ಲಿ ಸರಿಹೋಗದಿದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಆ ಜಾಗದಲ್ಲಿ ಟಿವಿ ಹಾಕಿಸ್ತೀನಿ."

ಅವಳು ಬಕೆಟ್ಟನ್ನು ಕೆಳಗಿಟ್ಟಳು. ಟ್ಯಾಂಕ್ ಹೋದರೆ ಗುರುವಾರವೂ ಹೋಯಿತು. ಇನ್ನು ಯಾವ ನೆಪ ಹೇಳಿಕೊಂಡು ಇಲ್ಲಿಗೆ ಬರುವುದು?

ತಿಳಿದದ್ದನ್ನೆಲ್ಲ ಮಾಡಿದಳು. ಕೊಬ್ಬಿನ ತಿಂಡಿ ತಿಂದರೆ ಕಣ್ಣಿನ ಹಿಂದೆ ಕೊಬ್ಬು ಕಟ್ಟಿ ಗುಡ್ಡೆಯನ್ನು ತಳ್ಳುತ್ತದೆಂದು ಅದನ್ನು ನಿಲ್ಲಿಸಿದಳು. ಮುಳುಗುವ ತಿಂಡಿ ಬಿಟ್ಟು ತೇಲುವುದನ್ನೇ ಕೊಟ್ಟಳು. ತಳದ ಗಾಜಿನಲ್ಲಿ ತನ್ನದೇ ನೆರಳು ಕಂಡು ಕೆಳಗೆ ನೋಡುತ್ತದೇನೋ ಎಂದು ಕಪ್ಪು ಕಾಗದ ಹಚ್ಚಿದಳು. ನೋಟ ಮೇಲೆ ಬರಲಿ ಎಂದು ಬಿಳಿ ಚೆಂಡೊಂದನ್ನು ನೀರಿನ ಮೇಲೆ ತೇಲಿಬಿಟ್ಟಳು. ಹುಟ್ಟಿನಿಂದ ಬಂದದ್ದಾದರೆ ಇಷ್ಟು ದಿನ ಸುಮ್ಮನಿರುತ್ತಿತ್ತೇ?

ಉಳಿದದ್ದು ಒಂದೇ. ಪೆಟ್ಟು.

'ಅವತ್ತು ಬಿತ್ತಲ್ಲ... ಅದರಿಂದಲೇ ಆಗಿದ್ದರೆ? ನನ್ನಿಂದಲೇ ಆಗಿದ್ದರೆ?'

ಮುಂದಿನ ಗುರುವಾರ ಬಂದಾಗ ಮೋಟು ಮೇಜು ಅಲ್ಲಿರಲಿಲ್ಲ. ಅವನೂ ಇರಲಿಲ್ಲ.

"ಕಣ್ಣಿಗೆ ಏನಾಗಿದೆ ಅಂತ ಗೊತ್ತಾಯ್ತು ಬಿಡಮ್ಮ," ಎಂದರು ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತ. "ನಮ್ಮ ಹಲ್ಲಿನವನೇ ಬಂದು ಎಲ್ಲ ಹೇಳ್ಬಿಟ್ಟ. ಎರಡು ವರ್ಷದ ಕಥೆಯಂತೆ, ನನಗೊಂದು ಮಾತಿಲ್ಲ!"

ಅಷ್ಟರಲ್ಲಿ ಒಳಗಿನಿಂದ ಯಾರೋ ನೋವೆಂದು ಕೂಗಿದರು, ಅವರು ಎದ್ದು ಹೋದರು.

ಹೇಳಿಬಿಟ್ಟನಾ? ಮೀನು ಬಿದ್ದದ್ದನ್ನು? ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದದ್ದನ್ನು?

ಬೇರೆ ಯಾರಾದರೂ ಹೇಳಿದ್ದರೆ ಹೋಗಲಿ ಎನ್ನುತ್ತಿದ್ದಳು. ಇವನು! ಕಣ್ಣು ಉರಿಯಿತು. ಅಳುವುದಕ್ಕೂ ತ್ರಾಣ ಬೇಕಲ್ಲ, ಅದೂ ಇರಲಿಲ್ಲ. ಬಕೆಟ್ಟನ್ನು ಅಲ್ಲೇ ಇಟ್ಟು, ಅವನ ಮೋಟರಿನ ಗರಗರ ಕೇಳುತ್ತಿದ್ದ ಹಿಂದಿನ ಸಾಮಾನಿನ ಕೋಣೆಗೆ ನಡೆದಳು.

ಕಿಟಕಿಯೇ ಇಲ್ಲದ ಕೋಣೆ. ಒಂದು ಬಲ್ಬಿನ ಕೆಳಗೆ ಅವನು ಬೆನ್ನು ಬಗ್ಗಿಸಿ ಕೂತಿದ್ದ.

"ನಿಮ್ಮನ್ನ ನಂಬಿದ್ದೆ ಕಣ್ರೀ."

ಅವನು ಗಾಬರಿಯಾಗಿ ಎದ್ದ. "ಯಾಕೆ, ಏನಾಯ್ತು?"

"ಮೀನು ಬಿದ್ದಿದ್ದನ್ನ ಹೇಳ್ಬಿಟ್ರಲ್ಲ! ಒಂದು ಮಾತು ಹೇಳಿದ್ರೆ ನಾನೇ ಹೋಗಿ ಒಪ್ಕೊಳ್ತಿದ್ದೆ."

"ಅಯ್ಯಯ್ಯೋ! ಅದನ್ನ ಯಾರ್ರೀ ಹೇಳಿದ್ರು? ಅದು ನನ್ನ ಜೊತೆ ಮಣ್ಣಿಗೇ ಹೋಗೋದು!"

"ಮತ್ತೆ ಏನು ಹೇಳಿದ್ರಿ?"

ಅವನು ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಟ್ಟ. ಮುಖ ಬಾಡಿತ್ತು.

"ಕಣ್ಣು ಕೆಡಿಸಿದ್ದು ನಾನು. ಬಿದ್ದ ಪೆಟ್ಟಾಗಿದ್ರೆ ಆಗಲೇ ಕಾಣ್ತಿತ್ತು. ಮೀನಿನ ಎಡಗಡೆ, ಕೆಳಗೆ, ದಿನಕ್ಕೆ ಎಂಟು ಗಂಟೆ ನನ್ನ ದೀಪ, ನನ್ನ ಕೈ, ಗರಗರ ಅನ್ನೋ ಮೋಟರು. ಅದು ಬಗ್ಗಿ ಬಗ್ಗಿ ನನ್ನೇ ನೋಡ್ತಿತ್ತು. ನೀವು ಚೆಂಡು ಬಿಟ್ಟ ಮೇಲೂ ಚೆಂಡಿನ ಕಡೆ ತಿರುಗಲೇ ಇಲ್ಲ. ಆಗ ಹೊಳೀತು. ಅದಕ್ಕೇ ಮೇಜು ಇಲ್ಲಿಗೆ ತಂದೆ. ತಪ್ಪು ನಂದು, ಮೀನನ್ನ ಕೊಡಬೇಡಿ, ಟ್ಯಾಂಕ್ ತೊಳೆಯೋರನ್ನ ಬಿಡಿಸಬೇಡಿ ಅಂತ ಡಾಕ್ಟರಮ್ಮಂಗೆ ಹೇಳ್ದೆ, ಒಪ್ಪಿದ್ರು. ಮೀನು ಇಲ್ಲೇ ಇರುತ್ತೆ, ನೀವೂ ಬರ್ತಿರ್ತೀರಿ."

ಅವಳು ನಾಲಗೆ ಕಚ್ಚಿಕೊಂಡಳು. ಛೇ, ಎಂಥವನನ್ನು ಏನೆಂದುಕೊಂಡೆ!

"ಮೊದಲು ನಿಮ್ಮ ಮೇಜು ಕಿಟಕಿ ಹತ್ರ ಇತ್ತಲ್ವಾ?" ಎಂದಳು. "ಅಷ್ಟು ಒಳ್ಳೆ ಬೆಳಕು ಬಿಟ್ಟು ಟ್ಯಾಂಕ್ ಪಕ್ಕಕ್ಕೆ ಯಾಕೆ ಬಂದ್ರಿ?"

ಅವನು ಬೆರಳಿನ ಪುಡಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಕಿಟಕಿ ಹತ್ರ ಕೂತ್ರೆ... ನೀವು ಬಂದು ಹೋಗೋದು ಗೊತ್ತಾಗ್ತಿರ್ಲಿಲ್ಲ."

"ನಾನು ಬರೋದು ವಾರಕ್ಕೆ ಒಂದು ಗಂಟೆ!"

"ಹೌದು. ಮಿಕ್ಕಿದ್ದೆಲ್ಲ ಕಾಯೋದೇ." ಅವನು ತಲೆ ಎತ್ತಿದ. "ನೀವಂದ್ರೆ ನಂಗಿಷ್ಟ. ತುಂಬಾ. ಎರಡು ವರ್ಷದಿಂದ ಬಾಯಿ ಬರಲಿಲ್ಲ. ಒಂದು ಮೂಕಪ್ರಾಣಿ ಕಣ್ಣು ಹಾಳಾಗೋವರೆಗೂ ಬರಲಿಲ್ಲ ನೋಡಿ!"

ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದಳು. ಈಗ ಅಳು ಬಂತು, ತಡೆಯಲಾಗದಷ್ಟು. ಅವನು ಏನು ಮಾಡಬೇಕೆಂದು ತಿಳಿಯದೆ ಎದುರಿಗೆ ಮಂಡಿಯೂರಿದ.

"ಮೀನಿನ ಕಣ್ಣು ಪೂರ್ತಿ ಸರಿಹೋಗಲ್ಲ, ಗೊತ್ತಾ?" ಎಂದಳು ಮೂಗೊರೆಸಿಕೊಳ್ಳುತ್ತ. "ಇನ್ನು ಹೆಚ್ಚಾಗಲ್ಲ, ಅಷ್ಟೇ."

"ಗೊತ್ತು."

"ನಂಗೂ ವಯಸ್ಸು ಮೂವತ್ತೆಂಟು. ಸಾಯಂಕಾಲ ಮಾತಾಡೋಕೂ ಶಕ್ತಿ ಇರಲ್ಲ."

"ಮಾತಾಡ್ಬೇಡಿ. ಪಕ್ಕದಲ್ಲಿ ಕೂತಿರಿ, ಸಾಕು."

ಅವಳು ಅವನ ಪುಡಿ ಹತ್ತಿದ ಕೈ ಹಿಡಿದುಕೊಂಡಳು. ತನ್ನ ಕೈ ಒದ್ದೆ ಇದೆಯೆಂದು ಎಳೆದುಕೊಳ್ಳಲು ಹೋದರೆ ಅವನು ಬಿಡಲಿಲ್ಲ.

"ಭಾನುವಾರ ಎಷ್ಟು ಟ್ಯಾಂಕ್?" ಎಂದು ಕೇಳಿದ.

"ಒಂದೂ ಇಲ್ಲ. ಭಾನುವಾರ ನಾನು ನಿದ್ದೆ ಮಾಡ್ತೀನಿ."

"ಹಾಗಾದ್ರೆ ಮಾಡಿ. ಎದ್ದ ಮೇಲೆ ಫೋನ್ ಮಾಡಿ, ನಾನು ಕಾಯ್ತಿರ್ತೀನಿ."

"ಕಾದಿದ್ದು ಸಾಕು ರೀ," ಎಂದಳು ಅವಳು. "ನೀವೂ ಸ್ವಲ್ಪ ಮಲಗಿ. ನಾನೇ ಬಂದು ಎಬ್ಬಿಸ್ತೀನಿ."