ಕುಡಿಯದೆ ಇಟ್ಟ ಕಾಫಿ

ಅಮ್ಮಾನಿನಲ್ಲಿ ಅನೀಸನಿಗೆ ತನ್ನವರು ಎಂದು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಟ್ಯುನೀಸಿಯಾದ ಸ್ಫಾಕ್ಸಿನಿಂದ ಬಂದು ನಾಲ್ಕು ತಿಂಗಳಾಗಿತ್ತು. ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಬಾಯಿಗಳ ಅಚ್ಚು ಅವನ ಕೈಗೆ ಬರುತ್ತಿತ್ತು. ಆ ಬಾಯಿಗಳಲ್ಲಿ ಒಂದೂ ಅವನೊಡನೆ ಮಾತಾಡಿರಲಿಲ್ಲ.

ಶುಕ್ರವಾರ ಊರೆಲ್ಲ ಮನೆಮಂದಿಯ ಜೊತೆ ಊಟಕ್ಕೆ ಕೂತಾಗ ಅವನು ಕೋಣೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಒಂದು ವಾರ ಒಗೆಯಲು ಬಟ್ಟೆಯೂ ಉಳಿಯಲಿಲ್ಲ. ಫೋನಿನಲ್ಲಿ ಕಂಡ ಚಾರಣದ ಗುಂಪೊಂದಕ್ಕೆ ಹೆಸರು ಕೊಟ್ಟ.

ಬೆಳಿಗ್ಗೆ ಏಳಕ್ಕೆ ಬಸ್ಸು ಕ್ರೀಡಾಂಗಣದ ಗೇಟಿನ ಮುಂದೆ ನಿಂತಿತ್ತು. ಅವನು ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ.

"ಏಳಿ, ಅದು ಮೊಣಕಾಲಿನ ಸೀಟು," ಎಂದಳು ಒಬ್ಬಳು.

"ಯಾರ ಮೊಣಕಾಲು?"

"ನಮ್ಮತ್ತೇದು."

ಅವಳ ಒಂದು ಕೈಯಲ್ಲಿ ನೀರಿನ ಕ್ಯಾನು, ಇನ್ನೊಂದು ತೋಳಿಗೆ ಜೋತುಬಿದ್ದು ಏದುಸಿರು ಬಿಡುತ್ತಿದ್ದ ದಪ್ಪನೆಯ ಹೆಂಗಸು. ಅನೀಸ ಎದ್ದು, ತನ್ನೂರಿನ ಮಾತಿನಲ್ಲಿ ಕ್ಷಮೆ ಕೇಳಿದ.

"ಏನಂದ ಇವನು?" ಎಂದಳು ಅತ್ತೆ.

"ಅರ್ಥ ಆಗ್ಲಿಲ್ಲ ಅತ್ತೆ. ಅರಬ್ಬಿಯೋ ಫ್ರೆಂಚೋ. ಸಿನಿಮಾದಲ್ಲಿ ಹಾಕ್ತಾರಲ್ಲ ಹಾಗೆ ಕೆಳಗಡೆ ಅಕ್ಷರ ಹಾಕಿದ್ರೆ ಓದ್ಕೋಬಹುದಿತ್ತು."

ಅವಳು ನಗಲಿಲ್ಲ. ತುಟಿಯ ಎಡತುದಿ ಮಾತ್ರ ಕೊಂಚ ಮೇಲೆ ಹೋಯಿತು. ಅಲ್ಲೊಂದು ಕೋರೆಹಲ್ಲು ಸ್ವಲ್ಪ ಹೊರಕ್ಕೆ ವಾಲಿತ್ತು. ಅನೀಸನ ಕಸುಬಿನ ಪ್ರಕಾರ ಅದು ದೋಷ. ದಾರಿಯುದ್ದಕ್ಕೂ ಅವನು ಅದನ್ನು ಇನ್ನೊಮ್ಮೆ ನೋಡಲು ಕಾದ.

ಅವಳ ಹೆಸರು ಅರೀಜ್. ಅಜ್ಲೂನ್ ಬೆಟ್ಟಗಳ ಹಳ್ಳಿಯವಳು. ಅಮ್ಮಾನಿನ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಸಾಣೆ ಹಿಡಿಯುತ್ತಿದ್ದಳು. ವಿಧವೆ ಸೋದರತ್ತೆ ಉಮ್ ಸುಹೈಲಳ ಮನೆಯಲ್ಲಿ ವಾಸ. ಹುಡುಗಿ ಒಬ್ಬಳೇ ತಿರುಗಕೂಡದು ಎಂದು ಅತ್ತೆ ಜೊತೆಗೆ ಬರುತ್ತಿದ್ದಳು. ಎಲ್ಲಿಗೆ ಹೋದರೂ ಬಸ್ಸಿನಿಂದ ಹತ್ತು ಹೆಜ್ಜೆ ನಡೆದು, ಚಾಪೆ ಹಾಸಿ, ಕಡ್ಡಿ ಒಟ್ಟಿ ಚಹಾಕ್ಕೆ ಇಡುತ್ತಿದ್ದಳು. ಮಿಕ್ಕ ಬೆಟ್ಟವನ್ನು ಅವಳು ಕೂತಲ್ಲಿಂದಲೇ ಕಾಯುತ್ತಿದ್ದಳು.

ಅನೀಸ ಒಂದು ವಾರವೂ ತಪ್ಪಿಸಲಿಲ್ಲ. ಸಾಲ್ತ್‌ನ ಹಳದಿ ಕಲ್ಲಿನ ಮೆಟ್ಟಿಲುಗಳು, ಮೃತಸಮುದ್ರದ ಮೇಲಿನ ಕಣಿವೆ, ಓಕ್ ಕಾಡು. ಮಂಗಳವಾರವೇ ಬೂಟಿಗೆ ಪಾಲಿಶ್ ಹಾಕತೊಡಗಿದ. ಅತ್ತೆಯ ಕೆಳಗಿನ ಸಾಲಿನ ಕಟ್ಟುಹಲ್ಲು ಸಡಿಲವಿದ್ದುದನ್ನು ಕಂಡು ಹೊಸದನ್ನೇ ಮಾಡಿಕೊಟ್ಟ. ಉಮ್ ಸುಹೈಲ್ ಬಸ್ಸಿನಲ್ಲಿ ಎಲ್ಲರೆದುರು ಬಾದಾಮಿ ಅಗಿದು ತೋರಿಸಿದಳು.

ಐದನೆಯ ಶುಕ್ರವಾರ ಅರೀಜ್ ಚಹಾದ ಲೋಟ ಕೊಡುತ್ತ ಅವನ ಮುಖವನ್ನೇ ದಿಟ್ಟಿಸಿದಳು. ಅವನಿಗೆ ಕಿವಿ ಬಿಸಿಯಾಯಿತು.

"ತೆಗೀರಿ," ಎಂದಳು.

"ಏನು?"

"ಕನ್ನಡಕ. ಬಂದಾಗಿಂದ ನೋಡ್ತಿದೀನಿ, ಒಂದು ಕಿವಿ ಮೇಲೆ ಸೊಟ್ಟ ಕೂತಿದೆ. ನೋಡೋಕಾಗಲ್ಲ."

ಅದರ ಕಡ್ಡಿಯನ್ನು ಚಹಾದ ಹಬೆಗೆ ಹಿಡಿದು, ಹೆಬ್ಬೆರಳಲ್ಲಿ ಮೆಲ್ಲಗೆ ಬಾಗಿಸಿ, ತನ್ನ ತಲೆವಸ್ತ್ರದ ಅಂಚಿನಲ್ಲಿ ಗಾಜು ಒರೆಸಿ ಕೊಟ್ಟಳು. ಅಷ್ಟು ಹೊತ್ತೂ ಅನೀಸನಿಗೆ ಅವಳು ಒಂದು ಮಸುಕಾದ ಹಸಿರು ಬಣ್ಣ ಮಾತ್ರ. ಹಾಕಿಕೊಂಡಾಗ ಎಲ್ಲವೂ ಒಟ್ಟಿಗೆ ಕಂಡಿತು.

"ಈಗ ನೋಡಿ."

"ನೋಡ್ತಿದೀನಿ."

"ಬೆಟ್ಟನ. ನನ್ನನ್ನಲ್ಲ."

ಮಾದಬಾದ ಆಚೆ ಒಂದು ದಿನ ಕುರಿ ಸಾಕುವವರ ಕಪ್ಪು ಡೇರೆಯಲ್ಲಿ ಎಲ್ಲರಿಗೂ ಕಾಫಿ ಸಿಕ್ಕಿತು. ತಳದಲ್ಲಿ ಮೂರು ಗುಟುಕು ಮಾತ್ರ ಹಿಡಿಯುವ, ಹಿಡಿಯಿಲ್ಲದ ಪುಟ್ಟ ಕಪ್. ಅನೀಸ ಕುಡಿದು ಕೊಟ್ಟ, ಡೇರೆಯವನು ಮತ್ತೆ ತುಂಬಿಸಿದ. ಹೀಗೆ ಎಂಟು ಸಲ. ಎಂಟನೆಯದಕ್ಕೆ ಅರೀಜ್ ಬಗ್ಗಿ ಹೇಳಿದಳು. "ಕಪ್ಪನ್ನ ಹೀಗೆ ಎರಡು ಸಲ ಅಲುಗಿಸಿ ಕೊಡಿ. ಸಾಕು ಅಂತ ಅರ್ಥ."

"ಮೊದಲೇ ಹೇಳಬಾರದಿತ್ತಾ?"

"ಎಲ್ಲಿವರೆಗೆ ಹೋಗ್ತೀರಿ ಅಂತ ನೋಡ್ತಿದ್ದೆ."

ಅವಳು ಕಲಿಸಿದ್ದು ಅಷ್ಟೇ. ಇನ್ನರ್ಧವನ್ನು ಕಲಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ. ಅದು ಅವಳ ಕಡೆ ಶಾಲೆಗೆ ಹೋಗದ ಮಗುವಿಗೂ ಗೊತ್ತಿರುವ ಸಂಗತಿ.

ಹನ್ನೆರಡನೆಯ ಶುಕ್ರವಾರ ಉಮ್ ಕೈಸ್ ಎಂಬ ಊರಿನ ಪಾಳು ರಂಗಮಂದಿರದ ಕರಿಕಲ್ಲಿನ ಮೆಟ್ಟಿಲುಗಳ ಮೇಲೆ ಇಬ್ಬರೂ ಕೂತಿದ್ದರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಕೆಳಗೆ ದೂರದಲ್ಲಿ ಸರೋವರ. ಅತ್ತೆಯ ಚಹಾದ ಹೊಗೆ ಅಂಜೂರದ ಮರದ ಹಿಂದಿನಿಂದ ಏಳುತ್ತಿತ್ತು.

"ಜೂನ್‌ಗೆ ನಿಮ್ಮ ಒಪ್ಪಂದ ಮುಗಿಯುತ್ತೆ ಅಲ್ವಾ?" ಎಂದಳು ಅರೀಜ್.

"ಮಾಲೀಕರು ಇನ್ನೆರಡು ವರ್ಷ ಇರು ಅಂತಿದಾರೆ."

"ನೀವೇನಂದ್ರಿ?"

"ಇನ್ನೂ ಏನೂ ಅಂದಿಲ್ಲ. ಊರಲ್ಲಿ ಅಣ್ಣ ಸ್ವಂತ ಲ್ಯಾಬ್ ತೆಗೀತಿದಾನೆ. ಬೋರ್ಡಿಗೆ ನನ್ನ ಹೆಸರೂ ಬರೆಸಿಬಿಟ್ಟಿದಾನೆ."

ಅವಳು ಕಲ್ಲಿನ ಸಂದಿಯ ಒಣಹುಲ್ಲನ್ನು ಕಿತ್ತಳು. "ನಾನು ಈ ಬಸ್ಸು ಹೋಗಿ ಸಂಜೆಗೆ ವಾಪಸ್ ಬರೋವಷ್ಟು ದೂರದಲ್ಲೇ ಇರೋಳು. ಮೊದಲೇ ಹೇಳಿಬಿಡ್ತೀನಿ."

"ನೀನಿಲ್ಲದೆ ನನಗೆ ಶುಕ್ರವಾರ ಅನ್ನೋದೇ ಇಲ್ಲ," ಎಂದ ಅನೀಸ. ನೀನು ಎಂದದ್ದು ಅದೇ ಮೊದಲು.

"ಮಿಕ್ಕ ಆರು ದಿನ?"

"ಅದಕ್ಕೂ ಬೇಕು."

ವಾಲಿದ ಹಲ್ಲು ಕಂಡಿತು. "ಹಾಗಾದ್ರೆ ಬರೋ ಶುಕ್ರವಾರ ನಮ್ಮೂರಿಗೆ ಬಾ. ಅಪ್ಪನಿಗೆ ಹೇಳಿರ್ತೀನಿ."

ಜೂನಿನ ಮಾತು ಅಲ್ಲಿಗೇ ನಿಂತಿತು. ಇಬ್ಬರೂ ಅದನ್ನು ಎತ್ತಲಿಲ್ಲ.

ಸ್ಫಾಕ್ಸಿನಲ್ಲಿ ಮೊದಲ ಭೇಟಿಗೆ ಯಾರೂ ಹೆಣ್ಣು ಕೇಳುವುದಿಲ್ಲ. ಸಿಹಿ ಕೊಟ್ಟು, ಮುಖ ತೋರಿಸಿ ಬರುವುದು ಮರ್ಯಾದೆ. ಅನೀಸ ಅದರಂತೆಯೇ ಸಿಹಿಯ ಡಬ್ಬಿ ಹಿಡಿದು ಒಬ್ಬನೇ ಹೋದ. ಹಜಾರದಲ್ಲಿ ಅರೀಜಳ ಅಪ್ಪ ಅಬೂ ರಾಕಾನ್ ಮತ್ತು ಅವನ ಐವರು ದಾಯಾದಿಗಳು ಗೋಡೆಗೊರಗಿ ಕೂತಿದ್ದರು. ಕಾಫಿ ಬಂತು. ಆರೂ ಜನ ಮಾತು ನಿಲ್ಲಿಸಿ ಅವನ ಕೈಯನ್ನೇ ನೋಡಿದರು. ತಾನು ರೀತಿ ಬಲ್ಲವನೆಂದು ತೋರಿಸಲು ಅವನು ಒಂದೇ ಉಸಿರಿಗೆ ಕುಡಿದ. ಎರಡನೆಯದನ್ನೂ, ಮೂರನೆಯದನ್ನೂ. ಆಮೇಲೆ ಕಪ್ಪನ್ನು ಚೆನ್ನಾಗಿ ಎರಡು ಸಲ ಅಲುಗಿಸಿ ಕೊಟ್ಟು, ಒಳಬಾಗಿಲ ಸಂದಿಯತ್ತ ಕಣ್ಣು ಹಾಯಿಸಿದ. ಅಲ್ಲಿ ಅರೀಜಳ ಅರ್ಧ ಮುಖ ಇತ್ತು. ಶಹಬ್ಬಾಸ್ ಎನ್ನುತ್ತಾಳೆಂದುಕೊಂಡ. ಸಂದಿ ಮುಚ್ಚಿತು.

ಗಂಡಸರು ಸಡಿಲವಾದರು. ಆಲಿವ್ ಫಸಲಿನ ಮಾತು ಬಂತು. ಅಬೂ ರಾಕಾನ್ ತಾನೇ ಬಾಗಿಲ ತನಕ ಬಂದು ಬೀಳ್ಕೊಟ್ಟ. ಎಲ್ಲ ಚೆನ್ನಾಗಿ ನಡೆಯಿತು ಎಂದುಕೊಂಡು ಅನೀಸ ಅಮ್ಮನಿಗೆ ಫೋನು ಮಾಡಿದ.

ಮುಂದಿನ ಶುಕ್ರವಾರ ಮೊಣಕಾಲಿನ ಸೀಟಿನಲ್ಲಿ ಅತ್ತೆ ಒಬ್ಬಳೇ ಇದ್ದಳು.

"ಅರೀಜ್ ಬರಲಿಲ್ವಾ?"

"ಕೂತ್ಕೋ ಮಗಾ. ನೀನು ಆ ಕಾಫಿ ಯಾಕೆ ಕುಡ್ದೆ?"

"ಕೊಟ್ರು, ಕುಡ್ದೆ."

"ಹೆಣ್ಣು ಕೇಳೋಕೆ ಬಂದವನು ಕಪ್ಪನ್ನ ಮುಟ್ಟದೆ ಮುಂದೆ ಇಡ್ತಾನೆ. ‘ಕುಡಿ, ನೀನು ಕೇಳಿದ್ದು ಕೊಟ್ಟೆ’ ಅಂತ ಯಜಮಾನ ಹೇಳಿದ್ಮೇಲೇನೇ ತುಟಿಗೆ. ಕುಡಿದುಬಿಟ್ರೆ ಕೇಳೋದೇನಿಲ್ಲ ಅಂತ. ನೀನು ಮೂರು ಕುಡ್ದೆ. ಏನೂ ಬೇಡ, ಏನೂ ಬೇಡ, ಏನೂ ಬೇಡ. ಸಾಲದು ಅಂತ ಅಲುಗಿಸಿ ಬೇರೆ ಕೊಟ್ಟೆ. ಆ ಹುಡುಗಿ ಒಪ್ಪಿಗೆ ಆದ್ಮೇಲೆ ಹಂಚೋ ಹಣ್ಣಿನ ರಸದ ತಟ್ಟೆ ಹಿಡ್ಕೊಂಡು ಒಳಗೇ ನಿಂತಿದ್ಲು."

"ನಾನು ಹೊರಗಿನವನು, ಗೊತ್ತಿರಲಿಲ್ಲ ಅಂತ ನಿಮ್ಮಣ್ಣನಿಗೆ ಅನ್ನಿಸಲಿಲ್ವಾ?"

"ಅನ್ನಿಸ್ತು. ಅವನೇನು ದಡ್ಡನಾ? ಗೊತ್ತಿದ್ದೂ ಗೊತ್ತಿಲ್ಲದ ಹಾಗಿದಾನೆ. ಮಗಳನ್ನ ಸಮುದ್ರದಾಚೆ ಕಳಿಸೋದು ಅವನಿಗೆ ಬೇಡ."

"ಈಗೇನು ಮಾಡ್ಲಿ?"

"ಒಬ್ಬನೇ ಹೋದ್ರೆ ಆಗಲ್ಲ. ನಿನ್ನ ಕಡೆ ದೊಡ್ಡವರನ್ನ ಕರ್ಕೊಂಡು ಹೋಗಿ ಸರಿಯಾಗಿ ಕೇಳು."

"ನನ್ನ ಕಡೆ ಯಾರಿದಾರೆ?"

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ನಾನಿದೀನಲ್ಲ. ಕೋಟೂ ಇದೆ ನನ್ನ ಹತ್ರ. ತಮ್ಮನ ಮದುವೇದು."

ಹೀಗೆ ಏಳು ಜನರ ದಿಬ್ಬಣವಾಯಿತು. ಚಾರಣಕ್ಕೆ ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರ್ ಫವ್ವಾಝ್ ಮೇಷ್ಟ್ರು ಹಿರಿಯರು. ಡ್ರೈವರ್, ಗುಂಪಿನ ಇನ್ನು ನಾಲ್ವರು, ಅನೀಸ. ಅವನ ಬಗ್ಗೆ ಅವರಿಗೆಲ್ಲ ಗೊತ್ತಿದ್ದುದು ಅವನು ಎಷ್ಟು ವೇಗವಾಗಿ ಬೆಟ್ಟ ಹತ್ತುತ್ತಾನೆ ಎಂಬುದಷ್ಟೇ. ಆ ಶುಕ್ರವಾರ ಚಾರಣ ರದ್ದು. ಅದೇ ಬಸ್ಸು ಕೋಟು ಹಾಕಿದವರನ್ನು ತುಂಬಿಕೊಂಡು ಅಜ್ಲೂನಿಗೆ ಹೊರಟಿತು.

"ಇಲ್ಲೇ ಇರ್ತೀನಿ ಅಂದ್ಬಿಡು," ಎಂದಳು ಅತ್ತೆ ದಾರಿಯಲ್ಲಿ. "ಜೂನ್‌ದು ಜೂನ್‌ಗೆ ನೋಡ್ಕೊಂಡ್ರಾಯ್ತು."

ಹಜಾರದಲ್ಲಿ ಎಲ್ಲರಿಗೂ ಒಂದೊಂದು ಕಪ್ ಬಂತು. ಸಾಲದೆ ಪಕ್ಕದ ಮನೆಯಿಂದ ತಂದವೂ ಇದ್ದವು. ಫವ್ವಾಝ್ ಮೇಷ್ಟ್ರು ತಮ್ಮ ಕಪ್ಪನ್ನು ನೆಲದ ಮೇಲೆ ಇಟ್ಟರು. ಉಳಿದ ಆರೂ ಕಪ್ಪುಗಳು ಸಾಲಾಗಿ ಇಳಿದವು. ಡ್ರೈವರನದು ಕೊಂಚ ತುಳುಕಿತು.

"ನಮ್ಮ ಹುಡುಗನಿಗೆ ನಿಮ್ಮ ಮಗಳನ್ನ ಕೇಳೋಕೆ ಬಂದಿದೀವಿ," ಎಂದರು ಮೇಷ್ಟ್ರು. "ಹೋದ ಸಲ ಬಾಯಾರಿಕೆ ಆಗಿತ್ತಂತೆ ಅವನಿಗೆ. ಕ್ಷಮಿಸಬೇಕು."

ಒಬ್ಬಿಬ್ಬರು ನಕ್ಕರು. ಅಬೂ ರಾಕಾನನೂ ಮುಗುಳ್ನಕ್ಕು ಅನೀಸನತ್ತ ತಿರುಗಿದ.

"ನಮ್ಮ ನಾಡನ್ನ ಚೆನ್ನಾಗಿ ನೋಡಿದೀಯಂತೆ ಮಗಾ."

"ಹೌದು. ಹದಿಮೂರು ಕಡೆ ಹೋಗಿದೀನಿ."

"ನನಗಿಂತ ಜಾಸ್ತಿ. ಇನ್ನೂ ಉಳಿದಿದೆಯಾ?"

"ಎರಡು ಮೂರು ಜಾಗ."

"ಅವೂ ಮುಗಿದ ಮೇಲೆ?"

ಒಳಬಾಗಿಲು ಈ ಸಲ ಪೂರ್ತಿ ತೆರೆದಿತ್ತು. ಇರ್ತೀನಿ ಎಂಬ ಒಂದೇ ಮಾತು ಸಾಕಿತ್ತು. ಅದು ಅನೀಸನ ನಾಲಿಗೆಯ ತುದಿಗೂ ಬಂದಿತ್ತು. ಜೊತೆಗೇ ಅಣ್ಣ ಕಳಿಸಿದ ಫೋಟೋ ನೆನಪಾಯಿತು, ನೀಲಿ ಬೋರ್ಡಿನ ಮೇಲೆ ಬಣ್ಣ ಆರದ ತನ್ನ ಹೆಸರು.

"ಗೊತ್ತಿಲ್ಲ," ಎಂದ.

ಅಬೂ ರಾಕಾನನಿಗೆ ಸಿಟ್ಟು ಬರಲಿಲ್ಲ. "ಗೊತ್ತಾದ ಮೇಲೆ ಬಾ. ಕಾಫಿ ಮಾಡಿಸ್ತೀನಿ," ಎಂದ. ಕುಡಿಯಿರಿ ಎನ್ನಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಕಾದು, ಮೊಣಕಾಲಿಗೆ ಕೈಯೂರಿ ಎದ್ದರು.

ಅತ್ತೆಯ ಕ್ಯಾನು ಕೊಡುವ ನೆಪದಲ್ಲಿ ಅರೀಜ್ ಬಸ್ಸಿನ ಬಾಗಿಲಿಗೆ ಬಂದಳು. ಅತ್ತೆ ಆ ಕಡೆ ಮುಖ ಮಾಡಿದಳು.

"ನಿನಗೆ ಸುಳ್ಳು ಹೇಳೋಕೆ ಬರಲ್ವಾ?" ಎಂದಳು ಅರೀಜ್.

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ನಂಬ್ತಿದ್ದೆ."

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅವಳು ಮಸುಕಾದಳು.

"ಗೊತ್ತಾದ್ಮೇಲೆ ಬರ್ತೀಯಾ?" ಎಂದು ಕೇಳಿ, ಅವನು ಬಾಯಿ ತೆರೆಯುವ ಮೊದಲೇ, "ಬೇಡ. ಹೇಳ್ಬೇಡ," ಎಂದಳು. "ಕಡ್ಡಿ ಮತ್ತೆ ಸೊಟ್ಟ ಆಗಿದೆ. ಅಂಗಡೀಲಿ ಯಾರಿಗಾದ್ರೂ ಕೊಡು, ಸರಿ ಮಾಡ್ತಾರೆ."

ಅನೀಸ ಕನ್ನಡಕ ಹಾಕಿಕೊಂಡಾಗ ಅವಳು ಅಂಗಳದಲ್ಲಿದ್ದಳು. ತಟ್ಟೆಯಲ್ಲಿ ಕಪ್ಪುಗಳನ್ನು ತಂದು, ನಿಂಬೆಗಿಡದ ಬುಡದಲ್ಲಿ ಕೂತು, ಒಂದೊಂದಾಗಿ ಬಗ್ಗಿಸುತ್ತಿದ್ದಳು. ಡ್ರೈವರ್ ಗೇರು ಹಾಕದೆ ಕಾದ. ಅನೀಸ ಎಣಿಸಿದ. ಏಳು ಕಪ್. ಒಂದೊಂದರಲ್ಲಿ ಮೂರು ಗುಟುಕು, ಡ್ರೈವರನದರಲ್ಲಿ ಎರಡು.