ನೇರಳೆ ಮುಚ್ಚಳದ ಟ್ಯೂಬು

"ಕ್ಯಾಲ್ಸಿಯಂ ಇಷ್ಟು ಕಡಿಮೆನಾ?" ಡಾಕ್ಟರು ರಿಪೋರ್ಟನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಪೀಪಿಯ ಕಿವಿಯ ಮುಂದೆ, ಕೆನ್ನೆಯ ಮೇಲೆ ಬೆರಳಿನಿಂದ ತಟ್ಟಿ, ತುಟಿ ಅದುರುತ್ತದೆಯೇ ಎಂದು ನೋಡಿದರು. ಅದುರಲಿಲ್ಲ. "ಬಾಯಿ ಸುತ್ತ ಜುಮ್ ಅನ್ನುತ್ತಾ? ಬೆರಳು ಸೆಟೆದುಕೊಳ್ಳುತ್ತಾ?"

"ಇಲ್ಲ. ಓಡೋವಾಗ ಮೀನಖಂಡ ಹಿಡ್ಕೊಳ್ಳುತ್ತೆ, ಅಷ್ಟೇ."

ಪೀಪಿ ಅವಳ ನಿಜವಾದ ಹೆಸರಲ್ಲ. ಸಣ್ಣಪುಟ್ಟದ್ದಕ್ಕೂ ರಾಗ ಎಳೆಯುತ್ತಾಳೆಂದು ಅಣ್ಣ ಇಟ್ಟದ್ದು.

"ಈ ನಂಬರ್ ನಿಜ ಆಗಿದ್ರೆ ಮನೆಗೆ ಕಳಿಸೋ ಹಾಗಿಲ್ಲ," ಡಾಕ್ಟರು ಅಮ್ಮನಿಗೆ ಹೇಳಿದರು. "ಇವತ್ತೇ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕು."

ಅಮ್ಮನ ಮುಖ ಬಿಳಿಚಿಕೊಂಡಿತು. 'ನಿಜ ಆಗಿದ್ರೆ' ಎಂಬ ಮಾತು ಪೀಪಿಗೆ ನಾಟಿತು. ಬೆಳಿಗ್ಗೆ ಲ್ಯಾಬಿನಲ್ಲಿ ನಡೆದದ್ದು ಅಮ್ಮನಿಗೆ ಗೊತ್ತಿಲ್ಲ. ಆಗ ಅವಳು ಹೊರಗೆ ಫಾರಂ ತುಂಬುತ್ತಿದ್ದಳು.

ಲ್ಯಾಬಿನ ಅಕ್ಕ ನೇರಳೆ ಮುಚ್ಚಳದ ಟ್ಯೂಬನ್ನು ರಕ್ತದಿಂದ ತುಂಬಿಸಿದ್ದಳು. ಹಳದಿ ಮುಚ್ಚಳದ್ದು ಬಾಕಿಯಿತ್ತು. ಅಷ್ಟರಲ್ಲಿ ಪೀಪಿ ಕೈ ಎಳೆದುಕೊಂಡಳು, ಸೂಜಿ ಹೊರಬಂತು. "ದಮ್ಮಯ್ಯ ಅಕ್ಕಾ, ಇನ್ನೊಂದು ಸಲ ಚುಚ್ಚಬೇಡಿ" ಎಂದು ಗೋಗರೆದಳು. ಅಕ್ಕನ ಮನಸ್ಸು ಕರಗಿತು. ನೇರಳೆ ಟ್ಯೂಬಿನಿಂದ ಒಂದಿಷ್ಟನ್ನು ಹಳದಿಯದಕ್ಕೆ ಬಗ್ಗಿಸಿ, "ಆಯ್ತು ಬಿಡು, ಯಾರಿಗೂ ಹೇಳಬೇಡ" ಎಂದು ಕಣ್ಣು ಮಿಟುಕಿಸಿದಳು.

ಈಗ ಹೇಳಿದರೆ ಅಕ್ಕನಿಗೆ ಬೈಗುಳ, ತನಗೆ ಮತ್ತೆ ಸೂಜಿ. ಹೇಳದಿದ್ದರೆ? ಡಾಕ್ಟರು ಆಗಲೇ ಅಡ್ಮಿಶನ್ ಚೀಟಿ ಬರೆಯುತ್ತಿದ್ದರು. ಅಮ್ಮ ಅಪ್ಪನಿಗೆ ಫೋನ್ ಮಾಡಿ, ಕೂಡಲೇ ಬರಲು ಹೇಳುತ್ತಿದ್ದಳು.

"ಆ ಟ್ಯೂಬಿಂದ ಈ ಟ್ಯೂಬಿಗೆ ಹಾಕಿದ್ರು," ಪೀಪಿ ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಾನು ಅತ್ತಿದ್ದಕ್ಕೇ ಅಕ್ಕ ಹಾಗೆ ಮಾಡಿದ್ದು."

ಡಾಕ್ಟರ ಪೆನ್ನು ನಿಂತಿತು. "ಯಾವುದರಿಂದ ಯಾವುದಕ್ಕೆ?"

"ನೇರಳೆಯಿಂದ ಹಳದಿಗೆ."

"ಅಯ್ಯೋ ಮಾರಾಯ್ತಿ," ಡಾಕ್ಟರು ಹಿಂದಕ್ಕೆ ಒರಗಿದರು. "ಕ್ಯಾಲ್ಸಿಯಂ ನೋಡೋದು ಹಳದಿ ಟ್ಯೂಬಲ್ಲಿ. ನೇರಳೆಯದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮದ್ದಿರುತ್ತೆ. ಅದು ಕ್ಯಾಲ್ಸಿಯಂನ ಹಿಡಿದಿಟ್ಟುಕೊಳ್ಳುತ್ತೆ, ಮಿಷಿನ್ನಿಗೆ ಸಿಗೋಕೆ ಬಿಡಲ್ಲ. ಇನ್ನೊಂದು ಸಲ ರಕ್ತ ಕೊಡ್ತೀಯಾ?"

ಪೀಪಿ ಹೂಂ ಎಂದು ಲ್ಯಾಬಿಗೆ ಹೋಗುವಷ್ಟರಲ್ಲಿ ಅಲ್ಲಿಗೆ ಡಾಕ್ಟರ ಫೋನ್ ಬಂದಾಗಿತ್ತು. ಅಕ್ಕನ ಕಣ್ಣು ಕೆಂಪಗಿತ್ತು.

"ನನ್ಮೇಲೆ ಸಿಟ್ಟಾ?"

"ನಿನ್ಮೇಲೆ ಯಾಕೆ? ನೀನು ಹೇಳದೇ ಇದ್ದಿದ್ರೆ ಬೇಡದ ಔಷಧಿ ನಿನ್ನ ಮೈಗೆ ಹೋಗ್ತಿತ್ತು."

ಅಕ್ಕ ಸೂಜಿಯ ಪೊಟ್ಟಣ ಬಿಚ್ಚಿ, ಟ್ಯೂಬಿನ ಮುಚ್ಚಳದ ಬಣ್ಣವನ್ನು ಮೂರು ಸಲ ನೋಡಿಕೊಂಡಳು. ಸೂಜಿ ಹಿಡಿದವರಿಗೂ ಹೆದರಿಕೆಯಾಗುತ್ತದೆಂದು ಪೀಪಿಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಅವಳು ತಾನಾಗಿಯೇ ತೋಳನ್ನು ಮೇಜಿನ ಮೇಲಿಟ್ಟಳು. "ನಿಧಾನಕ್ಕೆ ತಗೊಳ್ಳಿ ಅಕ್ಕಾ. ನಾನು ಅಲ್ಲಾಡಲ್ಲ."

ಈ ಸಲ ಹಳದಿ ಟ್ಯೂಬೇ ಮೊದಲು ತುಂಬಿತು.

ಒಂದು ಗಂಟೆಯ ಮೇಲೆ ಡಾಕ್ಟರ ಕಂಪ್ಯೂಟರಿಗೆ ಹೊಸ ರಿಪೋರ್ಟ್ ಬಂತು. ಕ್ಯಾಲ್ಸಿಯಂ ಇರಬೇಕಾದಷ್ಟೇ ಇತ್ತು. ಡಾಕ್ಟರು ಚೀಟಿ ಹರಿದು ಹಾಕಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಮ್ಮ ಈಗ ಅತ್ತಳು.

"ಲ್ಯಾಬಿನ ಅಕ್ಕಂಗೆ ಗೊತ್ತಾಯ್ತಾ?" ಪೀಪಿ ಕೇಳಿದಳು.

"ಇರು, ಫೋನ್ ಮಾಡ್ತೀನಿ," ಎಂದರು ಡಾಕ್ಟರು.

"ಫೋನ್ ಬೇಡ. ನಾನೇ ಹೇಳ್ತೀನಿ," ಎನ್ನುವಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.